ಅತ್ತೆಯ ಪಾಪಕ್ಕೆ ನಾನು ದುಭಾಷಿ

ನಮ್ಮ ಅತ್ತೆ ಗಡಿಯಾಚೆಯ ಮಹಾರಾಷ್ಟ್ರದ ಉದಗೀರಿಗೆ ಸೊಸೆಯಾಗಿ ಬಂದು ಐವತ್ತು ವರ್ಷ ದಾಟಿದೆ. ಪೇಟೆಯಲ್ಲಿ ಅವರು ಮೆಂತ್ಯೆಸೊಪ್ಪಿನವಳ ಜೊತೆ ಮರಾಠಿಯಲ್ಲಿ ಚೌಕಾಸಿಗೆ ನಿಂತರೆ, ಆಕೆ ಕೊನೆಗೆ ಕೊತ್ತಂಬರಿಯನ್ನೂ ಪುಕ್ಕಟೆ ಕೊಟ್ಟು ಕೈಮುಗಿಯುತ್ತಾಳೆ. ಪಾಪನಿವೇದನೆಗೆ ಮಾತ್ರ ಅತ್ತೆಗೆ ಕನ್ನಡವೇ ಆಗಬೇಕು. ಮಾಡುವ ಪಾಪವನ್ನೆಲ್ಲ ಮರಾಠಿಯಲ್ಲಿ ಮಾಡಿ, ಹೇಳುವುದನ್ನು ಕನ್ನಡದಲ್ಲಿ ಹೇಳುತ್ತಾರೆ.

ಅದಕ್ಕಾಗಿ ಪ್ರತಿ ಡಿಸೆಂಬರಿನಲ್ಲಿ ಬೀದರ ಕಡೆಯಿಂದ ಒಬ್ಬ ಮುದುಕ ಫಾದರ್ ಬಸ್ಸು ಹತ್ತಿ ಬರುತ್ತಿದ್ದರು. ಉದಗೀರ, ನಿಲಂಗಾ, ಉಮರ್ಗಾ ಮೂರೂ ಊರು ಸೇರಿಸಿದರೂ ಕನ್ನಡ ಮಾತಾಡುವ ಕಥೋಲಿಕರ ಮನೆಗಳನ್ನು ಎಣಿಸಲು ಎರಡನೆಯ ಕೈ ಬೇಕಾಗುವುದಿಲ್ಲ. ಫಾದರ್ ನಮ್ಮೆಲ್ಲರ ವರ್ಷದ ಪಾಪ ಕೇಳಿ, ಕೋಳಿಸಾರು ಉಂಡು, ಇಲ್ಲಿಯವರು ಕರಂಜಿ ಅನ್ನುವ ಕರ್ಜಿಕಾಯಿ ಒಂದು ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ನಮ್ಮ ಪಾಪಗಳಿಗಿಂತ ಕರಂಜಿಯೇ ಅವರಿಗೆ ಹೆಚ್ಚು ನೆನಪಿರುತ್ತಿತ್ತು ಎಂದು ನನ್ನ ಅನುಮಾನ.

ಕೊರೋನಾ ಬಂದ ವರ್ಷ ಅವರು ಬರಲಿಲ್ಲ. ಸಕ್ಕರೆ ಕಾಯಿಲೆಯ ಮುದುಕರು ಹೊಸ್ತಿಲು ದಾಟಬಾರದೆಂದು ಅವರ ಮೇಲಿನವರ ಕಟ್ಟಪ್ಪಣೆ. ಬದಲಿಗೆ ಮೋಟರ್‌ಸೈಕಲ್ಲಿನಲ್ಲಿ ಊರೂರು ತಿರುಗುತ್ತಿದ್ದವರು ಕೊಂಕಣ ಕರಾವಳಿಯ ಒಬ್ಬ ಎಳೆಯ ಫಾದರ್. ಮೀಸೆ ಇನ್ನೂ ಸರಿಯಾಗಿ ದಟ್ಟವಾಗಿರಲಿಲ್ಲ. ಅವರಿಗೆ ಮರಾಠಿ ಸಲೀಸು, ಕನ್ನಡದ ಒಂದಕ್ಷರವೂ ಬಾರದು.

ಆ ವರ್ಷ ನಮ್ಮ ಭಕ್ತಿಯೆಲ್ಲ ಮೊಬೈಲಿನಲ್ಲಿತ್ತು. ಭಾನುವಾರದ ಬಲಿಪೂಜೆಯನ್ನು ಅಕ್ಕಿ ಡಬ್ಬಿಗೆ ಆನಿಸಿಟ್ಟ ಫೋನಿನಲ್ಲಿ ನೋಡುತ್ತಿದ್ದೆವು. ಎಲ್ಲರೂ ಮೊಣಕಾಲೂರಿದ ಹೊತ್ತಿಗೆ ಸರಿಯಾಗಿ ಗೋಡೆ ಬಣ್ಣದ ಜಾಹೀರಾತು ಬರುತ್ತಿತ್ತು. ಅತ್ತೆ ಅದಕ್ಕೂ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಡಿಸೆಂಬರಿನಲ್ಲಿ ಬಾಗಿಲಿಗೆ ತೂಗಲು ಹೊಸ ಕ್ರಿಸ್‌ಮಸ್ ನಕ್ಷತ್ರ ತರುವ ಉತ್ಸಾಹ ಯಾರಿಗೂ ಇರಲಿಲ್ಲ, ದೀಪಾವಳಿಗೆ ಕಟ್ಟಿದ ಆಕಾಶಬುಟ್ಟಿಯನ್ನೇ ಇಳಿಸದೆ ಬಿಟ್ಟೆವು. ಏಸುಸ್ವಾಮಿ ಅಷ್ಟಕ್ಕೆಲ್ಲ ಬೇಜಾರು ಮಾಡಿಕೊಳ್ಳುವವನಲ್ಲ.

ನನ್ನ ಮನಸ್ಸೂ ನೆಟ್ಟಗಿರಲಿಲ್ಲ. ಏಪ್ರಿಲಿನಲ್ಲಿ, ಗಡಿ ಬಂದ್ ಆಗಿದ್ದಾಗ, ಭಾಲ್ಕಿ ಹತ್ತಿರದ ನನ್ನ ತವರಿನಲ್ಲಿ ಅಪ್ಪ ತೀರಿಕೊಂಡಿದ್ದರು. ಅಪ್ಪನನ್ನು ಮಣ್ಣು ಮಾಡಿದ್ದನ್ನು ಗಂಡನ ಮೊಬೈಲಿನಲ್ಲಿ ನೋಡಿದೆ, ಅದೂ ಅರ್ಧಕ್ಕೇ ನಿಂತುಹೋಯಿತು. ಎರಡು ದಿನ ದಮ್ಮು ಹತ್ತಿ ಮಲಗಿದ ಮನುಷ್ಯ ಮಗಳಿಗೆ ಒಂದು ಫೋನ್ ಮಾಡಲಿಲ್ಲವಲ್ಲ ಎಂದು ಸತ್ತ ಅಪ್ಪನ ಮೇಲೆ ನನಗೆ ಭಾರೀ ಸಿಟ್ಟಿತ್ತು.

ಅಕ್ಟೋಬರಿನಲ್ಲಿ ಅತ್ತೆಗೂ ರೋಗ ತಗಲಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು, ಅರ್ಧ ತೂಕ ಅಲ್ಲೇ ಬಿಟ್ಟು ಮನೆಗೆ ಬಂದರು. ಇದೇ ತಮ್ಮ ಕೊನೆಯ ಕ್ರಿಸ್‌ಮಸ್ ಎಂದು ತಾವೇ ತೀರ್ಮಾನಿಸಿದರು. ಪರಮಪ್ರಸಾದ ಸ್ವೀಕರಿಸದೆ ಸಾಯುವುದಿಲ್ಲವಂತೆ, ಪಾಪ ಹೇಳದೆ ಪರಮಪ್ರಸಾದ ಮುಟ್ಟುವುದಿಲ್ಲವಂತೆ, ಕನ್ನಡ ಬಾರದವರಿಗೆ ಪಾಪ ಹೇಳುವುದಿಲ್ಲವಂತೆ. "ಪಾಪ ಮರಾಠಿದಾಗ ಹೇಳ್ಲಾಕ ಬರಲ್ಲ ನನಗ" ಎಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಎಳೆಯ ಫಾದರ್ ಫೋನಿನಲ್ಲಿ ದಾರಿ ತೋರಿಸಿದರು. ಪಾಪನಿವೇದನೆಗೆ ದುಭಾಷಿಯನ್ನು ಇಟ್ಟುಕೊಳ್ಳಬಹುದಂತೆ, ಆದರೆ ದುಭಾಷಿಯೂ ಗುರುವಿನಂತೆಯೇ ಸಾಯುವತನಕ ಬಾಯಿ ಬಿಡಬಾರದಂತೆ. ಮಗನ ಎದುರು ಪಾಪ ಹೇಳಲು ಅತ್ತೆ ಸುತರಾಂ ಒಪ್ಪಲಿಲ್ಲ. ಉಳಿದವಳು ನಾನು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ಈ ಹೆಂಗಸು ತನ್ನ ತಪ್ಪನ್ನು ಒಪ್ಪಿಕೊಳ್ಳುವುದನ್ನು ಒಮ್ಮೆ ಕೇಳಬೇಕೆಂದು ಹದಿನೇಳು ವರ್ಷ ಕಾದಿದ್ದೆ. ಈಗ ದೇವರೇ ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದ.

ಹಬ್ಬಕ್ಕೆ ಎರಡು ದಿನ ಇರುವಾಗ ಫಾದರ್ ಬಂದರು. ಅಂಗಳದ ಆ ತುದಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರು, ಈ ತುದಿಗೆ ಹಗ್ಗದ ಬಾಜಿನ ಮಂಚದ ಮೇಲೆ ಅತ್ತೆ, ನಡುವೆ ಮಣೆ ಹಾಕಿಕೊಂಡು ನಾನು. ಮೂವರ ಬಾಯಿಗೂ ಮಾಸ್ಕು. ಪಕ್ಕದ ಮನೆಯ ಕಾಳಿನ ವ್ಯಾಪಾರಿಯ ಹೆಂಡತಿಗೆ ಅದೇ ಹೊತ್ತಿಗೆ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುವ ಕೆಲಸ ಬಂತು. ಅವರ ಮನೆಮಾತೂ ಕನ್ನಡ. ನಾಲ್ಕು ಹಪ್ಪಳವನ್ನು ಆಕೆ ಅರ್ಧ ಗಂಟೆ ತಿರುವಿ ಹಾಕಿದಳು. ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಬೇಕಾಯಿತು, ನಾನು ಎದ್ದು ಹೋಗಿ ಫಾದರಿಗೆ ಪಿಸುಗುಟ್ಟಿ ಮತ್ತೆ ಬಂದು ಕೂರಬೇಕಾಯಿತು.

ಅತ್ತೆ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಹೇಳಬೇಕೆಂದು ಫಾದರ್ ತಾಕೀತು ಮಾಡಿದ್ದರು. ಹಾಗಾಗಿ ಅತ್ತೆ 'ನಾ' ಅಂದದ್ದನ್ನೆಲ್ಲ ನಾನು ಮರಾಠಿಯಲ್ಲಿ 'ಮೀ' ಅನ್ನುತ್ತಿದ್ದೆ. ಎರಡು ಪಾಪ ಆಗುವಷ್ಟರಲ್ಲಿ ಫಾದರ್ ನನ್ನನ್ನೇ ದುರುಗುಟ್ಟಿ ನೋಡತೊಡಗಿದರು. ಆ ಪಾಪಗಳು ಯಾವುವೆಂದು ಹೇಳುವಂತಿಲ್ಲ. ಒಂದರಲ್ಲಿ ಪಕ್ಕದ ಮನೆಯ ಕೋಳಿ ಬರುತ್ತದೆ ಎಂದಷ್ಟು ಹೇಳಿದರೆ ನರಕಕ್ಕೇನೂ ಹೋಗಲಿಕ್ಕಿಲ್ಲ.

ಕೊನೆಯ ಪಾಪಕ್ಕೆ ಅತ್ತೆ ನನ್ನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಆಮೇಲೆ ಹೇಳಿದರು. ಕೇಳಿ ಎದ್ದು ನಿಂತೆ, ಫಾದರ್ ಹತ್ತಿರ ಹೋದೆ, ನಾಲಿಗೆ ಹೊರಳಲಿಲ್ಲ. "ಪುಢೆ?" ಎಂದು ಫಾದರ್ ಮುಂದಿನದನ್ನು ಕೇಳಿದರು. ಇಷ್ಟೇ, ಮುಗಿಯಿತು ಎಂದುಬಿಟ್ಟೆ. ಅವರು ಕೈಯೆತ್ತಿ ಕ್ಷಮೆಯ ಪ್ರಾರ್ಥನೆ ಹೇಳಿ ನಿಲಂಗಾದ ದಾರಿ ಹಿಡಿದರು.

ಸಂಜೆ ನಾನು ಕರಂಜಿ ಕರಿಯುತ್ತಿದ್ದೆ. ಅತ್ತೆ ಅಡುಗೆಮನೆಗೆ ಬಂದು ಕೂತರು. "ಒಂದ ಬಿಟ್ಟಿ ನೀ" ಅಂದರು. ನಾನು ಬಾಂಡಲೆಯಲ್ಲಿದ್ದ ಕರಂಜಿ ತಿರುವಿ ಹಾಕಿದೆ. ಬಿಟ್ಟದ್ದನ್ನು ಅವರೇ ಮತ್ತೊಮ್ಮೆ ಹೇಳಿದರು. ಅಡುಗೆಮನೆಯಲ್ಲಿ ಆಡಿದ ಮಾತಿಗೆ ಗುಟ್ಟಿನ ಕಾನೂನು ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

"ನಿಮ್ಮಪ್ಪ ಫೋನ್ ಮಾಡಿದ್ದರು. ನಿನ್ನ ಫೋನ್ ಹತ್ತವಲ್ದಂತ ನನ್ನ ಫೋನಿಗಿ ಮಾಡಿದ್ದರು. ದಮ್ಮ ಹತ್ತಿತ್ತು ಅವರಿಗಿ. ಮಗಳ ದನಿ ಕೇಳಬೇಕಾಗೇದ, ಕೊಡ್ರಿ ಅಂದರು. ಮಲಗ್ಯಾಳ ಅಂತ ಹೇಳಿ ಇಟ್ಟಬಿಟ್ಟೆ. ನೀ ಮಲಗಿರಲಿಲ್ಲ, ಹಿತ್ತಲದಾಗ ಬಟ್ಟಿ ಒಗೀಲಾಕತ್ತಿದ್ದಿ."

ಮರುದಿನ ಅಪ್ಪ ಸತ್ತರು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ.

"ಹೇಳಿದ್ರ ನೀ ಹೊಲದಾಗ ಹಾದು ನಡಕೋತ ಹೋಗತಿದ್ದಿ. ಪೊಲೀಸರ ಕೈಯಾಗ ಸಿಗತಿದ್ದಿ, ಇಲ್ಲಾ ರೋಗದ ಕೈಯಾಗ. ನಾ ಅಂಜಿದೆ."

ಹೋಗುತ್ತಿದ್ದೆ, ನಿಜ. ಆದರೂ ಆ ಗಳಿಗೆಯಲ್ಲಿ ನನಗೆ ಆ ಮುದುಕಿಯ ಕೈಯನ್ನು ಕಾದ ಎಣ್ಣೆಯಲ್ಲಿ ಅದ್ದಬೇಕೆನ್ನಿಸಿತು. ಒಲೆ ಆರಿಸಿ ಹೊರಗೆ ಹೋದೆ. ಬಾಂಡಲೆಯಲ್ಲಿದ್ದ ಕರಂಜಿ ಕಪ್ಪಾಗಿ ಹೋದವು.

ಮರುದಿನವಿಡೀ ನಾವಿಬ್ಬರೂ ಮಾತಾಡಲಿಲ್ಲ. ಪಾಪ ಪೂರ್ತಿ ಹೇಳಿಲ್ಲ, ಹಾಗಾಗಿ ನಾಳೆ ಪರಮಪ್ರಸಾದ ತಗೊಳ್ಳುವುದಿಲ್ಲ ಎಂದು ಅತ್ತೆ ಮಗನಿಗೆ ಹೇಳಿದರಂತೆ. ಅವರು ನನ್ನನ್ನು ದಾಟಿಯೇ ದೇವರ ಹತ್ತಿರ ಹೋಗಬೇಕಿತ್ತು. ಹೋಗದೇ ಇರಲಿ, ಎಂಟು ತಿಂಗಳು ನಾನು ಸತ್ತ ಅಪ್ಪನನ್ನು ಬೈದಿದ್ದೇನಲ್ಲ ಎಂದುಕೊಂಡು ಚಕ್ಕುಲಿ ಒತ್ತುತ್ತಾ ಕೂತೆ. ಮಧ್ಯಾಹ್ನದ ಹೊತ್ತಿಗೆ ಒಂದು ವಿಷಯ ಹೊಳೆಯಿತು. ಮೆಂತ್ಯೆಸೊಪ್ಪಿನ ಮರಾಠಿಯಲ್ಲೇ ಫಾದರಿಗೆ ನೇರ ಹೇಳಿಬಿಟ್ಟಿದ್ದರೆ ಅತ್ತೆಗೆ ಕ್ಷಮೆ ಸಿಗುತ್ತಿತ್ತು, ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ನನ್ನ ಮುಖ ನೋಡಿ ಹೇಳುವ ಧೈರ್ಯ ಆ ಹೆಂಗಸಿಗೆ ಇರಲಿಲ್ಲ, ಹೇಳದೆ ಸಾಯುವ ಧೈರ್ಯವೂ ಇರಲಿಲ್ಲ.

ಕ್ರಿಸ್‌ಮಸ್ ಬೆಳಿಗ್ಗೆ ಪೂಜೆ ನಮ್ಮ ಅಂಗಳದಲ್ಲೇ ಇತ್ತು. ಫಾದರ್ ಬಂದು ಮೇಜಿನ ಮೇಲೆ ಬಟ್ಟೆ ಹಾಸುತ್ತಿದ್ದರು. ನಾನು ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿಕೊಂಡು ಅವರ ಮುಂದೆ ನಿಲ್ಲಿಸಿ, ಒಂದು ಉಳಿದಿದೆ ಫಾದರ್ ಅಂದೆ. ಅತ್ತೆ ಕನ್ನಡದಲ್ಲಿ ಹೇಳಿದರು. ನಾನು ಮರಾಠಿಯಲ್ಲಿ ಹೇಳಿದೆ. ನನ್ನ ಸೊಸೆಯ ಅಪ್ಪ ಸಾಯುವಾಗ ಮಗಳ ದನಿ ಕೇಳಬೇಕೆಂದರು, ನಾನು ಕೇಳಿಸಲಿಲ್ಲ, ಮಲಗಿದ್ದಾಳೆ ಎಂದು ಸುಳ್ಳು ಹೇಳಿದೆ. 'ಮೀ' ಎನ್ನುವಾಗ ನನಗೆ ಅಳು ಬಂತು. ಅತ್ತೆಯೂ ಅಳುತ್ತಿದ್ದರು. ಯಾರ ಪಾಪ, ಯಾರು ಅಳಬೇಕು ಎಂದು ಪಾಪ ಆ ಹುಡುಗ ಫಾದರಿಗೆ ತಿಳಿಯಲೇ ಇಲ್ಲ.

ಕೊನೆಗೆ ಅವರು ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಪ್ರಾರ್ಥನೆ ಹೇಳಿಕೊಳ್ಳಲಿ ಅಂದರು. ಮೂರು! ನನಗೆ ಮೈ ಉರಿಯಿತು. ಅತ್ತೆಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ. "ಫಾದರ್ ಹೇಳ್ಯಾರ, ಇನ್ನ ಮ್ಯಾಲ ಪ್ರತಿ ಐತವಾರ ನೀವ ನಮ್ಮವ್ವಗ ಫೋನ್ ಮಾಡಿ ಮಾತಾಡಬೇಕಂತರಿ."

ಎರಡು ಮಾತು ಕನ್ನಡದಲ್ಲಿ ಇಷ್ಟು ಉದ್ದವಾಗುತ್ತದೆಯೇ ಎಂದು ಫಾದರ್ ಬೆರಗಾದರು. ಅತ್ತೆ ಮಾಸ್ಕಿನ ಮೇಲಿಂದ ನನ್ನನ್ನೇ ನೋಡಿದರು.

"ಎಷ್ಟ ವಾರ?" ಅಂದರು.

"ಅದು ಹೇಳಿಲ್ಲರಿ."

"ಆಯ್ತು ಅನ್ನು ಅವರಿಗಿ."

ಆ ಬೆಳಿಗ್ಗೆ ಅತ್ತೆ ಪರಮಪ್ರಸಾದ ಸ್ವೀಕರಿಸಿದರು. ಕೊನೆಯ ಕ್ರಿಸ್‌ಮಸ್ ಎಂದದ್ದೂ ಸುಳ್ಳಾಯಿತು, ಮುದುಕಿ ಇನ್ನೂ ಗಟ್ಟಿಯಾಗಿದ್ದಾರೆ. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ ಬರಿ, ಹೆಸರು ಮಾತ್ರ ಹಾಕಬೇಡ ಅಂದರು. ಪ್ರತಿ ಭಾನುವಾರ ಸಂಜೆ ಬಟನ್ ಫೋನ್ ಹಿಡಿದು ಕಟ್ಟೆಗೆ ಕೂರುತ್ತಾರೆ. ಬೀಗತೀ ಊಟ ಆಯ್ತೇನ್ರಿ ಎಂದು ಶುರುಮಾಡಿ, ಕಾಲುನೋವು, ಸೋಯಾಬೀನ್ ಧಾರಣೆ, ನನ್ನ ಅಡುಗೆಯ ಕೊರತೆ ಎಲ್ಲವನ್ನೂ ನಮ್ಮವ್ವನಿಗೆ ವರದಿ ಮಾಡುತ್ತಾರೆ. ಫಾದರ್ ಹೇಳಿದ್ದು ಏನೆಂದು ಅವರಿಗೆ ಅಂದೇ ಗೊತ್ತಿತ್ತು, ನಾನು ಹೇಳಿದ್ದನ್ನೇ ಮಾಡುತ್ತಿದ್ದಾರೆ. ಆಮೇಲೆ, ನಮ್ಮವ್ವ ಕೇಳದಿದ್ದರೂ, ಪ್ರತಿ ವಾರ ಅದೇ ಮಾತು ಹೇಳಿ ಫೋನನ್ನು ನನ್ನ ಕಡೆ ಚಾಚುತ್ತಾರೆ.

"ಮಲಗಿಲ್ಲರಿ, ಎಚ್ಚರನೇ ಅದಾಳ. ತಡೀರಿ, ಕೊಡತೀನಿ."