ಒಲೆ ಊದುವ ಫೋಟೋಗೆ ಬಿದ್ದ ಹಾರ

ಹಳೇ ಡಿಕ್ಷನರಿ ತೆಗೆದರೆ ಒಳಗಿಂದ ಒಂದು ಪೋಸ್ಟ್‌ಕಾರ್ಡ್ ಜಾರಿತು. ನಡುವೆ ಬ್ಲೇಡಿನಲ್ಲಿ ಕೊರೆದ ಚೌಕದ ಕಿಂಡಿ. ಅಂಚಿನಲ್ಲಿ ಫೋಟೋ ತೊಳೆಯುವ ಹೈಪೋದ ವಾಸನೆ... ಅಥವಾ ಅದು ನನ್ನ ಮೂಗಿನಲ್ಲೇ ಉಳಿದದ್ದೋ ಏನೋ.

ಕಿಂಡಿ ಕೊರೆದವರು ಕೊಪ್ಪದಲ್ಲಿ ಸ್ಟುಡಿಯೋ ಇಟ್ಟಿದ್ದವರು. ಆಗಿನ್ನೂ ನಮ್ಮ ಕಡೆ ಫಿಲ್ಮ್ ರೋಲಿನ ಕಾಲ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್, ರಿಟೈರ್‌ಮೆಂಟಿಗೆ ಹತ್ತಿರವಾಗಿದ್ದೆ. ಕಾನ್ವೆಂಟಿನಲ್ಲಿ ಓದಿದ ನನಗೆ ಆರ್ಟ್ ಎಂದರೆ ಸಿಸ್ಟರ್‌ಗಳು ತೋರಿಸಿದ ಆಯಿಲ್ ಪೇಂಟಿಂಗ್ ಅಷ್ಟೇ. ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುವವರೂ ಆರ್ಟಿಸ್ಟ್ ಅಂತ ಯಾರು ಅಂದುಕೊಂಡಿದ್ದರು?

ಒಂದು ದಿನ ಅವರೇ ಬಂದು ಕೇಳಿದರು. "ಟೀಚರೇ, ಶನಿವಾರ ಮಧ್ಯಾಹ್ನ ಮಕ್ಕಳನ್ನು ನನಗೆ ಬಿಟ್ಟುಕೊಡ್ತೀರಾ? ಫೋಟೋ ಅಂದ್ರೆ ಮುಖ ಬೆಳ್ಳಗೆ ಮಾಡೋದಲ್ಲ ಅಂತ ನಾಲ್ಕು ಜನಕ್ಕಾದ್ರೂ ಗೊತ್ತಾಗ್ಲಿ."

ಮೊದಲ ತಿಂಗಳು ಕ್ಯಾಮೆರಾ ಮುಟ್ಟಿಸಲೇ ಇಲ್ಲ. ಮಕ್ಕಳಿಗೆ ಒಂದೊಂದು ಕಿಂಡಿಕಾರ್ಡು ಕೊಟ್ಟರು. ಒಂದು ಕಣ್ಣು ಮುಚ್ಚಿ ಅದರಲ್ಲಿ ನೋಡಬೇಕು, ಬೆಳಕು ಎಲ್ಲಿಂದ ಬಂತು, ಎಲ್ಲಿ ಬಿತ್ತು, ಹೇಳಬೇಕು. ನನಗೂ ಒಂದು ಸಿಕ್ಕಿತು. "ಟೀಚರ್ ಭವಿಷ್ಯ ನೋಡ್ತಿದ್ದಾರೆ ಮಾರಾಯ್ರೆ!" ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು.

ಆಮೇಲೆ ಕ್ಯಾಮೆರಾ, ತಲೆಗೆ ಎರಡೇ ಕ್ಲಿಕ್. ಭಂಡಿಗಡಿ ಕಡೆಯ ಒಬ್ಬ ಹುಡುಗಿ, ಕೂಲಿಗೆ ಹೋಗುವ ತನ್ನ ಅಮ್ಮ ಒಲೆ ಊದುವುದನ್ನು ತೆಗೆದಳು. ಮಾಡಿನ ಗಾಜಿನ ಹೆಂಚಿನಿಂದ ಇಳಿದ ಬೆಳಕು ಹೊಗೆಯಲ್ಲಿ ಕಂಬದ ಹಾಗೆ ನಿಂತು, ಆ ಹೆಂಗಸಿನ ಕೆನ್ನೆಗೆ ತಾಗಿತ್ತು. ಸ್ಟುಡಿಯೋದವರು ಪ್ರಿಂಟನ್ನು ನೀರಿನಿಂದ ಎತ್ತಿ, ಹನಿ ಇಳಿಯುತ್ತಿರುವಾಗಲೇ ನೋಡುತ್ತ ನಿಂತುಬಿಟ್ಟರು. "ಇದಕ್ಕೆ ನನ್ನ ಪೆನ್ಸಿಲ್ ತಾಗಿಸೋದಿಲ್ಲ," ಎಂದರು. ಗಿರಾಕಿಗಳ ನೆಗೆಟಿವ್ ಮೇಲೆ ಪೆನ್ಸಿಲ್ ತೀಡಿ ಸುಕ್ಕು ಅಳಿಸುವುದೇ ಅವರ ಹೊಟ್ಟೆಪಾಡಾಗಿತ್ತು.

ಸ್ಕೂಲ್ ಡೇಗೆ ಎಕ್ಸಿಬಿಷನ್ ಇಟ್ಟೆವು. ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಸ್ಕೂಲ್ ಕಮಿಟಿ ಅಧ್ಯಕ್ಷರು ಶೃಂಗೇರಿಯಿಂದ ಗಂಧದ ಹಾರ ತರಿಸಿ ಎಲ್ಲ ಫ್ರೇಮುಗಳಿಗೂ ಹಾಕಿಸಿದ್ದರು! ಗೋಡೆಯಲ್ಲಿ ಫೋಟೋ ಕಂಡರೆ ಹಾರ ಹಾಕಬೇಕು, ಅದೇ ಮರ್ಯಾದೆ ಎಂದು ತಿಳಿದ ಮನುಷ್ಯ. ಬದುಕಿರುವವರ ಫೋಟೋಗೆ ನಮ್ಮಲ್ಲಿ ಯಾರಾದರೂ ಹಾರ ಹಾಕುತ್ತಾರೆಯೇ? ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹಾರ ನೇತಾಡುತ್ತಿದ್ದದ್ದೂ ಆ ಬೆಳಕಿನ ಕಂಬದ ಮೇಲೆಯೇ.

ಅಷ್ಟರಲ್ಲಿ ಆ ತಾಯಿ ಬಂದಳು, ಕೂಲಿ ಬಿಟ್ಟು, ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟುಕೊಂಡು. ನೋಡಿದವಳೇ ಎದೆಗೆ ಕೈ ಒತ್ತಿಕೊಂಡಳು. "ಟೀಚರಮ್ಮಾ, ನಾನಿನ್ನೂ ಬದುಕಿದ್ದೀನಲ್ಲ..." ಮಗಳು ಹಾರ ಕೀಳಹೋಗಿ ಫ್ರೇಮು ಕೆಳಗೆ ಬಿತ್ತು. ಗಾಜು ಪುಡಿಪುಡಿ.

ಅಧ್ಯಕ್ಷರು ತಪ್ಪಾಯಿತು ಅಂದರೇ? ಎಲ್ಲಿಯ ಮಾತು! ಸ್ಟುಡಿಯೋದವರ ಮೇಲೇ ಹರಿಹಾಯ್ದರು. "ತೆಗೆಸೋಕೆ ಮಠ ಇಲ್ವಾ, ಹೊಳೆ ಇಲ್ವಾ? ಕೂಲಿಯವರ ಒಲೆ ಹೊಗೆ ಎಂತ ಕಲೆ ಮಾರಾಯ್ರೆ? ಮಕ್ಕಳ ತಲೆ ಕೆಡಿಸಿದ್ದು ಸಾಕು!" ಶನಿವಾರದ ಕ್ಲಾಸು ಅಲ್ಲಿಗೆ ಬಂದ್.

ಸ್ಟುಡಿಯೋದವರು ಅಧ್ಯಕ್ಷರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ತಪ್ಪು ನಿಮ್ಮದು ಸರ್, ಮೊದಲು ಈ ಹಾರಗಳನ್ನೆಲ್ಲ ತೆಗೆಸಿ ಎನ್ನಲು ನನಗೇನು ಗ್ರಾಮರ್ ಬೇಕಿತ್ತೇ? ಪೆನ್ಷನ್ ಪೇಪರಿಗೆ ಅಧ್ಯಕ್ಷರ ಸೈನ್ ಬೇಕಿತ್ತು... ಬಾಯಿ ಬಿಡಲಿಲ್ಲ. ನನ್ನ ಮೇಲೆ ನನಗೇ ಬಂದ ಆ ಸಿಟ್ಟು ಇವತ್ತಿಗೂ ಆರಿಲ್ಲ. ಅವರು ಗಾಜು ಕೊಡವಿ ಪ್ರಿಂಟನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದರು.

ಹೋದ ತಿಂಗಳು ಸ್ಟುಡಿಯೋದವರು ತೀರಿಕೊಂಡ ಸುದ್ದಿ ತಿಳಿದು ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಹಾರ ಹಾಕಿದ ಅವರದೇ ಫೋಟೋ. ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿದ ಮುಖ, ಒಂದು ಸುಕ್ಕಿಲ್ಲ, ಹಿಂದೆ ಯಾವುದೋ ನೀಲಿ ಆಕಾಶ. ಯಾರಿದು ಎಂದು ಕೇಳುವವಳಿದ್ದೆ. ಈ ಕಿಂಡಿಕಾರ್ಡು ಹಿಡಿದು ನೋಡಿದ್ದರೂ ಬೆಳಕು ಎಲ್ಲಿಂದ ಬಂತೆಂದು ಹೇಳಲಾಗುತ್ತಿರಲಿಲ್ಲ.

ಹಾರ ತೆಗೆಯಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಇಷ್ಟು ವರ್ಷ ತಡವಾಗಿ. ನುಂಗಿಕೊಂಡೆ. ಈ ಸಲ ಹಾರ ಹಾಕಿದವರದು ತಪ್ಪಿರಲಿಲ್ಲ.