ಬಟ್ಟೆ ಒಣಗಿಸಲು ಕಟ್ಟಿಕೊಟ್ಟ ವೈರು

ಕೇಬಲ್ ಆಫೀಸಿನಲ್ಲಿ ಬರೀ ಫೋನು ಎತ್ತುತ್ತಿದ್ದ ನಾನು ಮೂವತ್ತೈದು ದಾಟಿದ ಮೇಲೆ ವೈರಿಂಗ್ ಕಲಿಯಲು ಹೊರಟೆ. ಹಟ ನನ್ನದೇ, ಹೆದರಿಕೆಯೂ ನನ್ನದೇ. ಮಿಕ್ಸಿಯ ಪ್ಲಗ್ಗು ಕೀಳುವಾಗಲೂ ಕಣ್ಣು ಮುಚ್ಚಿಕೊಳ್ಳುವವಳು ನಾನು. ಕೆಲಸ ಕಲಿಸಿದ ಹೊನ್ನಾವರದ ಹಿರಿಯ ಲೈನ್‌ಮನ್ ನಗುತ್ತಿದ್ದರು. "ತಂಗಿ, ಟೀವಿ, ನೆಟ್ಟು, ಫೋನು, ಇದ್ರ ವೈರಲ್ಲಿ ಹೊಡೆಯುವಷ್ಟು ಕರೆಂಟಿಲ್ಲ. ಮನೆ ಕರೆಂಟಿನ ಪೈಪಲ್ಲಿ ಮಾತ್ರ ಇದನ್ನ ತೂರಿಸ್ಬೇಡ."

ಆರು ತಿಂಗಳಾದ ಮೇಲೆ ಮೊದಲ ಸಲ ಒಬ್ಬಳೇ ಭಟ್ಕಳದ ಹತ್ತಿರದ ಬೆಳಕೆ ಊರಿಗೆ ಹೋದೆ, ಮೀನು ಮಾರುವ ಒಬ್ಬ ಅಕ್ಕನ ಮನೆಗೆ. ಹಳೆಯ ಕೇಬಲ್ ಬಿಚ್ಚಿ ಫೈಬರ್ ಎಳೆದು, ಇಂಟರ್ನೆಟ್ಟು, ಫೋನು ಎರಡನ್ನೂ ಕೊಡಬೇಕಿತ್ತು. ಟೀವಿಯ ಹಿಂದಿನ ಪಿನ್ನು ಬಿಚ್ಚುವಾಗ ಬೆರಳಿಗೆ ಚುರ್ ಎಂದಿತು. ಥೂ, ನಿನ್ನ ಪುಕ್ಕಲುತನಕ್ಕಿಷ್ಟು ಎಂದು ನನ್ನನ್ನೇ ಬೈದುಕೊಂಡೆ. ಹೊರಡುವಾಗ ಅಕ್ಕ ಅಂಗಳಕ್ಕೆ ಬಂದರು. "ಆ ಹಳೇ ವೈರು ಬಿಟ್ಟು ಹೋಗೇ ಮಾರಾಯ್ತಿ, ಬಟ್ಟೆ ಒಣಗ್ಸೂಕೆ ಆತದೆ." ನಮ್ಮ ಕಡೆ ಹಳೆಯ ಕೇಬಲ್ ಯಾರೂ ಬಿಸಾಡುವುದಿಲ್ಲ, ಅದರ ಮೇಲೆ ಸೀರೆ ಒಣಗುತ್ತದೆ. ಕಂಬದ ಕಡೆಯ ತುದಿ ಕತ್ತರಿಸಿ ತೆಂಗಿನ ಮರಕ್ಕೆ ಬಿಗಿಯಾಗಿ ಕಟ್ಟಿಕೊಟ್ಟೆ.

ವಾಪಸು ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ತಟ್ಟನೆ ನೆನಪಾಯಿತು. ಇನ್ನೊಂದು ತುದಿ? ಅದಿನ್ನೂ ಗೋಡೆಯೊಳಗೇ ಇತ್ತು. ಮನೆ ಕಟ್ಟಿಸುವಾಗ ಯಾರೋ ಪುಣ್ಯಾತ್ಮ ಅದನ್ನು ಕರೆಂಟಿನ ಪೈಪಿನಲ್ಲೇ ತೂರಿಸಿದ್ದ. ನಾನು ಕಣ್ಣಾರೆ ನೋಡಿದ್ದೆ. ಹೊಸ ವೈರು ಬೇರೆ ದಾರಿಯಲ್ಲಿ ಬಂತಲ್ಲ ಎಂದು ಸುಮ್ಮನಾಗಿದ್ದೆ. ಒಳಗೆ ಕರೆಂಟಿನ ವೈರು ಸವೆದು ಕೇಬಲ್ಲಿಗೆ ತಾಗುತ್ತಿದ್ದರೆ ಬೆರಳಿಗಾದದ್ದು ನನ್ನ ಭ್ರಮೆಯಲ್ಲ. ಬಿಸಿಲಿಗೆ ಮೇಲಿನ ಪ್ಲಾಸ್ಟಿಕ್ ಒಡೆದು ಜಾಲರಿ ತಂತಿ ಕಾಣುವ ಆ ಕೇಬಲ್ಲಿನ ಮೇಲೆ ಅಕ್ಕ ಒದ್ದೆ ಬಟ್ಟೆ ಹಾಕುತ್ತಾರೆ.

ನಾನೇ ಜೋಡಿಸಿದ ಫೋನಿಗೆ ಮಾಡಿದೆ. ಹೊಡೆದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಸಿಕ್ಕಿದ ರಿಕ್ಷಾ ಹತ್ತಿದೆ. "ಬೆಳಕೆಗೆ, ಬೇಗ ಹೋಗಿ" ಎಂದೆ. ದಾರಿಯುದ್ದಕ್ಕೂ ಅಕ್ಕನ ಅಂಗಳದಲ್ಲಿ ಜನ ಸೇರಿದಂತೆಯೇ ಕಣ್ಣ ಮುಂದೆ ಬರುತ್ತಿತ್ತು. ದೇವರೇ, ಒಂದು ಜೀವ ತೆಗೆದೆನಲ್ಲ ಎಂದು ಒಳಗೇ ಅಳುತ್ತಿದ್ದೆ.

ಅಂಗಳದಲ್ಲಿ ಯಾರೂ ಸೇರಿರಲಿಲ್ಲ. ಅಕ್ಕ ಒಬ್ಬರೇ ಒದ್ದೆ ಸೀರೆ ಹಿಂಡುತ್ತಾ ವೈರಿನ ಹತ್ತಿರ ನಿಂತಿದ್ದರು.

"ಮುಟ್ಬೇಡಿ ಅಕ್ಕಾ!" ಎಂದು ಕಿರುಚಿದೆ. ಅವರು ಬೆಚ್ಚಿ ಹಿಂದೆ ಸರಿದರು. ಜಾಲರಿಗೆ ಟೆಸ್ಟರ್ ತಾಗಿಸಿದೆ. ಕೆಂಪಗೆ ಹತ್ತಿತು. ಓಡಿ ಮೇನ್ ಸ್ವಿಚ್ ಇಳಿಸಿ, ಜಗಲಿಯ ಮೇಲೆ ಕೂತೆ.

ಅಕ್ಕ ನೀರು ತಂದುಕೊಟ್ಟರು. ಅವರ ಕಾಲಲ್ಲಿ ರಬ್ಬರ್ ಚಪ್ಪಲಿಯಿತ್ತು, ಬದುಕಿಕೊಂಡಿದ್ದರು.

"ಮುಂಚಿನ ಸೀರೆ ಹಾಕುವಾಗ್ಲೇ ಚುರ್ ಅಂತು," ಎಂದರು. "ಕಲ್ತವ್ಳು ನೀನೇ ಕಟ್ಟಿಕೊಟ್ಟದ್ದಲ್ವಾ, ಎಂತದೂ ಆಗೂದಿಲ್ಲ ಅಂತ ಮತ್ತೊಂದು ತಂದೆ."