ಕಾಕಾನ ಚಾದರ, ನನ್ನ ಹಟದ ಅಕ್ಷರ

ತೊಂಬತ್ತರ ದಶಕದಲ್ಲಿ ಸೋಲಾಪುರದ ಒಂದು ಛಾಪಖಾನೆಗೆ ಹೊಸದಾಗಿ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂತವಳು ನಾನು. ಲಗ್ನಪತ್ರಿಕೆ ಮರಾಠಿಯಲ್ಲಿದ್ದರೂ ಮದುಮಕ್ಕಳ ಹೆಸರು ಮಾತ್ರ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರಬೇಕು ಎನ್ನುವ ಶೋಕಿ ಆಗ. ಅದಕ್ಕೆಂದೇ ನನ್ನ ಬಳಿ ಒಂದು ಮೆಚ್ಚಿನ ಅಕ್ಷರಶೈಲಿಯಿತ್ತು. ನಿಂತ ಗೆರೆ ವಾಡೆಯ ಕಂಬದ ಹಾಗೆ ದಪ್ಪ, ಅಡ್ಡಗೆರೆ ಕೂದಲೆಳೆಯಷ್ಟು ಸಣ್ಣ, ತುದಿಗೆಲ್ಲ ಚೂಪಾದ ಪುಟ್ಟ ಪಾದ. ನುಣುಪು ಕಾಗದದ ಮೇಲೆ ದೊಡ್ಡದಾಗಿ ಬಿದ್ದರೆ, ಅಬ್ಬಾ, ಏನು ಠೀವಿ! ಜಾಹೀರಾತಿನ ತಲೆಬರಹಕ್ಕೆ, ಸರಾಫರ ಒಡವೆ ಡಬ್ಬಿಗೆ ಸೈ. ಒರಟು ಕಾಗದದ ಕರಪತ್ರದಲ್ಲಿ ಸಣ್ಣದಾಗಿ ಹಾಕಿದರೆ ಮಾತ್ರ ಕೂದಲೆಳೆಗಳೆಲ್ಲ ಮಾಯ. ಇಷ್ಟೆಲ್ಲ ಗೊತ್ತಿದ್ದೂ ನಾನು ಕತ್ತೆಯಂತೆ ಹಟ ಹಿಡಿದೆ.

ಅಕ್ಕಲಕೋಟೆಯ ಮನೆಯೊಂದಕ್ಕೆ ನನ್ನ ಲಗ್ನ ಗೊತ್ತಾಗಿತ್ತು. ಬೀಗರಿಗೆ ಆಯೇರಿ ಮಾಡುವಾಗ ಬಟ್ಟೆಯ ಜೊತೆ ಚಾದರವನ್ನೂ ಕೊಡುವುದು ನಮ್ಮ ಮನೆಯ ವಾಡಿಕೆ. ನನ್ನ ಕಾಕಾ ಚಾದರದ ಕಾರಖಾನೆಯಲ್ಲಿ ನಕ್ಷೆ ಬರೆಯುವವರು. ಚೌಕುಳಿ ಕಾಗದದ ಒಂದೊಂದು ಮನೆಯೂ ಒಂದೊಂದು ಎಳೆ. ಹಾಗೆ ಎಣಿಸಿ ಎಣಿಸಿ ಬಣ್ಣ ತುಂಬುತ್ತಿದ್ದರು. ಅವರ ನಕ್ಷೆಯಲ್ಲಿ ಯಾರೂ ತಪ್ಪು ಹುಡುಕಿರಲಿಲ್ಲ. ಮದುಮಕ್ಕಳ ಹೆಸರು ನೇಯ್ದ ಐದು ಚಾದರ ಆಗಲಿ ಎಂದು ನಾನು ಅದೇ ಅಕ್ಷರದಲ್ಲಿ ಹೆಸರು ಅಚ್ಚುಹಾಕಿ ಒಯ್ದುಕೊಟ್ಟೆ.

ಕಾಕಾ ಕನ್ನಡಕ ಏರಿಸಿ ನೋಡಿದರು. “ಅವ್ವಿ, ಈ ಸಣ್ಣ ಗೆರಿ ನೇಯ್ಗ್ಯಾಗ ಮುಳಗತಾವ. ಒಂದ ಎಳಿ ಕಾಣಂಗಿಲ್ಲ. ಸ್ವಲ್ಪ ದಪ್ಪ ಮಾಡ್ತೀನಿ.”

“ದಪ್ಪ ಮಾಡಿದ್ರ ಅದರ ಚೆಂದನ ಹೋಗ್ತದ ಕಾಕಾ. ಇದ್ದಂಗ ಮಾಡ್ರಿ. ನನಗ ಅಕ್ಷರ ಕಲಸಬ್ಯಾಡ್ರಿ!”

ಎಷ್ಟು ಸೊಕ್ಕು ನೋಡಿ ನನಗೆ. ಕಾಕಾ ಇದ್ದ ಹಾಗೆಯೇ ಬರೆದರು.

ಲಗ್ನದ ಹಿಂದಿನ ದಿನ ಚಾದರದ ಗಂಟು ಬಂತು. ಬಿಚ್ಚಿದರೆ ಹೆಸರೇ ಇಲ್ಲ, ಸಾಲಾಗಿ ಬರೀ ಕಂಬಗಳು! ಮತ್ತೆ ನೇಯಿಸಲು ಹೊತ್ತಿರಲಿಲ್ಲ. ಅವನ್ನೇ ಅಕ್ಕಲಕೋಟೆಗೆ ಒಯ್ದೆವು.

ಆಯೇರಿಯ ಹೊತ್ತಿಗೆ ವರನ ಸೋದರಮಾವ ಚಾದರ ಹರವಿ, ನೆರೆದವರೆಲ್ಲ ಕೇಳುವಂತೆ ಅಂದರು: “ನಕ್ಷಾ ಬರಿಯೂದ್ರಾಗ ಇವರ ಕೈ ಹಿಡಿಯಾವ್ರಿಲ್ಲ ಅಂದಿದ್ರಿ. ಇದೇನ್ರಿ, ಬೇಲಿ ಹಾಕ್ಯಾರ?”

ಎಲ್ಲರೂ ನಕ್ಕರು. ಕಾಕಾ ತಲೆ ತಗ್ಗಿಸಿದರು, ನನ್ನ ಕಡೆ ಬೆರಳು ಮಾತ್ರ ತೋರಿಸಲಿಲ್ಲ. ಬಾಸಿಂಗ ಕಟ್ಟಿಕೊಂಡೇ ಎದ್ದು ನಿಂತೆ. “ಅದು ನಮ್ಮಿಬ್ಬರ ಹೆಸರು ರಿ. ಕಾಕಾ ಬ್ಯಾಡ ಅಂದಿದ್ರು. ಹಟ ಮಾಡಿದಾಕಿ ನಾನು. ತಪ್ಪು ನಂದು.”

ವರನ ತಾಯಿ, ನನ್ನ ಅತ್ತೆ, ಚಾದರದ ಮೇಲೆ ಕೈಯಾಡಿಸಿದರು.

“ಮೂಡಲಿಲ್ಲ, ಛಲೋ ಆತು ಬಿಡು. ಹೆಸರಿನ ಮ್ಯಾಲ ಕಾಲು ಚಾಚಿ ಹ್ಯಾಂಗ ಮಲಗೂದವ್ವಾ? ಮೂಡಿದ್ರ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕ್ತಿದ್ದೆ.”

ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆತನ ನಮ್ಮದು. ಅಕ್ಷರದ ಪಂಡಿತರು ನಾನು, ಕಾಕಾ; ಇಬ್ಬರಿಗೂ ಇಷ್ಟು ಹೊಳೆದಿರಲಿಲ್ಲ!

ಅತ್ತೆ ಆ ಚಾದರವನ್ನು ಬೀಗರ ನಡುವೆ ಹಾಸಿದರು. “ಬರ್ರಿ ಅಣ್ಣಾರ, ನೀವು ಮದಲ ಕೂಡ್ರಿ.” ತನ್ನ ಕೈಯ ನಕ್ಷೆಯ ಮೇಲೆ ಕಾಕಾ ಅಳುಕುತ್ತ ಕೂತರು. ಅತ್ತೆ ಎಲೆ-ಅಡಿಕೆಯ ತಾಟನ್ನು ಮೊದಲು ಅವರ ಮುಂದೆ ಇಟ್ಟರು. ನಾನು ಗೊಳೋ ಎಂದು ಅತ್ತುಬಿಟ್ಟೆ. “ಹೆಣ್ಣು ಒಪ್ಪಿಸೂದು ಇನ್ನಾ ತಡಾ ಅದ, ಈಗ ಯಾಕ ಅಳ್ತಿ?” ಎಂದು ಹೆಂಗಸರು ನನ್ನನ್ನು ಸುಮ್ಮನಿರಿಸಿದರು.